ಹತ್ತು ರೂಪಾಯಿ ನೋಟಿನ ನಂಬರು

ಅಹಮದಾಬಾದಿನ ರತನ್‌ಪೋಳದಲ್ಲಿ ಒಬ್ಬರು ಆಂಗಡಿಯಾ ಕಚೇರಿಗೆ ಹೋಗಿ ಹಣ ಕಟ್ಟುತ್ತಾರೆ. ಅದು ಸೂರತ್ತಿನಲ್ಲಿ ಇನ್ನೊಬ್ಬರ ಕೈಸೇರಬೇಕು. (ಹೆಸರು ಕೇಳಿದರೆ ನಮ್ಮ ಅಂಗಡಿ ನೆನಪಾದೀತು. ಆಂಗಡಿಯಾ ಎಂದರೆ ಹಣವನ್ನೂ ವಜ್ರವನ್ನೂ ನಂಬಿಕೆಯ ಮೇಲೆ ಊರಿಂದೂರಿಗೆ ಮುಟ್ಟಿಸುವವರು.) ಸೂರತ್ತಿನವರು ತಮ್ಮ ಜೇಬಿನಲ್ಲಿರುವ ಹತ್ತು ರೂಪಾಯಿ ನೋಟಿನ ನಂಬರನ್ನು ಫೋನಿನಲ್ಲಿ ಮೊದಲೇ ಹೇಳಿರುತ್ತಾರೆ. ಸೂರತ್ತಿನ ಕಚೇರಿಯಲ್ಲಿ ಆ ನೋಟು ತೋರಿಸಿ ನಂಬರು ತಾಳೆಯಾದರೆ ಹಣ ಕೈಗೆ ಬರುತ್ತದೆ. ಒಂದಂಕಿ ತಪ್ಪಿದರೂ ಇಲ್ಲ.

ಕಂಪ್ಯೂಟರಿನ ಮುಂದೆ ಕೂತಾಗ ಈ ಎಚ್ಚರ ನಮ್ಮನ್ನು ಬಿಟ್ಟುಹೋಗುತ್ತದೆ. ವಡೋದರದಲ್ಲಿ ತಂತ್ರಾಂಶ ಬರೆಯುವ ಹುಡುಗಿಯೊಬ್ಬಳು ತನ್ನ ಆ್ಯಪನ್ನು, ಯಾರು ಎಲ್ಲಿಗೆ ಹೊರಟಿದ್ದಾರೆಂಬುದನ್ನು ಮರೆಮಾಚುವ ಟಾರ್ ಜಾಲದ ಮೂಲಕ ಓಡಿಸಿ ನೋಡಬೇಕೆಂದು ಟಾರ್ ಬ್ರೌಸರ್ ಇಳಿಸಿಕೊಳ್ಳುತ್ತಾಳೆ ಎನ್ನಿ. ಕಡತದ ಪಕ್ಕದಲ್ಲೇ ಸಹಿಯ ಪುಟ್ಟ ಕಡತವೂ ಇರುತ್ತದೆ. ಅದನ್ನು ಮುಟ್ಟುವವರು ಕಡಿಮೆ. ಖಾಸಗಿತನ ಕಾಯಲೆಂದು ತಂದ ತಂತ್ರಾಂಶವನ್ನೇ ಯಾರೋ ತಿದ್ದಿಟ್ಟಿದ್ದರೆ, ಮುಂದಿನ ಯಾವ ಎಚ್ಚರಿಕೆಯೂ ಪ್ರಯೋಜನಕ್ಕೆ ಬಾರದು.

ಸಹಿ ಕೆಲಸ ಮಾಡುವ ಬಗೆ ಸೊಗಸಾಗಿದೆ. ಎಸ್‌ಎಚ್‌ಎ-256ರಂಥ ಗಣಿತ ವಿಧಾನವು ಎಷ್ಟೇ ದೊಡ್ಡ ಕಡತವನ್ನೂ ಅರೆದು 64 ಅಕ್ಷರಗಳ ಒಂದು ಹ್ಯಾಶ್ ಮಾಡುತ್ತದೆ. ಮೂಲ ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್‌ನ ಹೆಚ್ಚುಕಡಿಮೆ ಅರ್ಧ ಬಿಟ್‌ಗಳು ಅಡಿಮೇಲಾಗುತ್ತವೆ. ತಯಾರಕರು ತಮ್ಮ ಗುಟ್ಟಿನ ಕೀಲಿಯಿಂದ ಈ ಹ್ಯಾಶ್‌ಗೆ ಸಹಿ ಹಾಕುತ್ತಾರೆ. ಅದರ ಜೋಡಿ ಕೀಲಿ ಎಲ್ಲರಿಗೂ ಸಿಗುತ್ತದೆ. ಅದರಿಂದ ಸಹಿಯನ್ನು ಪರೀಕ್ಷಿಸಬಹುದು, ಹಾಕಲು ಬಾರದು.

ಪರೀಕ್ಷಿಸುವ ಸಾಧನ ಜಿಪಿಜಿ. ಇದು ಮುಕ್ತ ತಂತ್ರಾಂಶ, ಇದರ 1.0 ಆವೃತ್ತಿ ಬಂದದ್ದು 1999ರಲ್ಲಿ. ಸಹಿ ತಾಳೆಯಾದರೆ ಅದು ‘ಗುಡ್ ಸಿಗ್ನೇಚರ್’ ಎಂದು ತೋರಿಸುತ್ತದೆ, ಕೆಳಗೇ ‘ವಾರ್ನಿಂಗ್’ ಎಂದೂ ಬರೆಯುತ್ತದೆ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಅರ್ಥ ಇಷ್ಟೇ: ಈ ಕೀಲಿಯ ಸಹಿ ಸರಿಯಿದೆ, ಆದರೆ ಕೀಲಿ ನಿಜಕ್ಕೂ ಯಾರದೆಂದು ನನಗೆ ಗೊತ್ತಿಲ್ಲ. ಆಗ ಕೀಲಿಯ 40 ಅಕ್ಷರಗಳ ಬೆರಳಚ್ಚನ್ನು ಬೇರೊಂದು ದಾರಿಯಿಂದ ತರಿಸಿಕೊಂಡು ಒಂದೊಂದೇ ಅಕ್ಷರ ಹೋಲಿಸಬೇಕು. ಬೇರೆ ದಾರಿ ಎಂಬುದೇ ಮುಖ್ಯ. ನೋಟಿನ ನಂಬರು ಫೋನಿನಲ್ಲಿ ಬಂದದ್ದೂ ಅದಕ್ಕೇ. ಕಡತವೂ ಬೆರಳಚ್ಚೂ ಒಂದೇ ತಾಣದಿಂದ ಬಂದರೆ ಎರಡನ್ನೂ ತಿದ್ದಿರಬಹುದು: 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಜಾಲತಾಣಕ್ಕೇ ನುಗ್ಗಿದವರು ಕೊಂಡಿಯನ್ನು ತಿರುಗಿಸಿ, ಹಿಂಬಾಗಿಲಿಟ್ಟ ಪ್ರತಿಯನ್ನು ಹಂಚಿದ್ದರು.

ಇನ್ನು ಅಳವಡಿಕೆ. ಆ್ಯಪ್ ತನ್ನ ಮಾಹಿತಿಯನ್ನು ಟಾರ್ ಮೂಲಕ ಕಳಿಸಿದರೂ, ತಾಣದ ಹೆಸರಿನ ವಿಳಾಸವನ್ನು ನೇರವಾಗಿ ಕೇಳಿಬಿಟ್ಟರೆ ಇಂಟರ್‌ನೆಟ್ ಕೊಡುವ ಕಂಪನಿಗೆ ಎಲ್ಲಿಗೆ ಹೊರಟಿದ್ದೀರಿ ಎಂಬುದು ತಿಳಿಯುತ್ತದೆ. ವಜ್ರದ ಪೊಟ್ಟಣವನ್ನು ಒಳಜೇಬಿನಲ್ಲಿಟ್ಟುಕೊಂಡು, ಮುಟ್ಟಿಸಬೇಕಾದ ಮನೆಯನ್ನು ಸೂರತ್ತಿನ ವಜ್ರಪೇಟೆ ಮಹಿಧರಪುರದ ಬೀದಿಯಲ್ಲಿ ಕೂಗಿ ಕೇಳಿದ ಹಾಗೆ. ಜಾಲದಿಂದ ಮಾಹಿತಿ ತರುವ ಕರ್ಲ್‌ನಂಥ ಸಾಧನದಲ್ಲಿ ಪ್ರಾಕ್ಸಿಯನ್ನು (ನಡುವೆ ನಿಂತು ಮಾಹಿತಿ ದಾಟಿಸುವುದನ್ನು) ‘ಸಾಕ್ಸ್5’ ಎಂದಷ್ಟೇ ಬರೆಯದೆ ಕೊನೆಗೊಂದು ‘ಎಚ್’ ಸೇರಿಸಿದರೆ ಹೆಸರಿನ ವಿಚಾರಣೆಯೂ ಟಾರ್ ಒಳಗೇ ನಡೆಯುತ್ತದೆ. ಒಂದಕ್ಷರದ ವ್ಯತ್ಯಾಸ.

ಸಹಿ ಸರಿಯಿದ್ದೂ ಮೋಸವಾಗಬಹುದು. 2024ರಲ್ಲಿ ಎಕ್ಸ್‌ಜೆಡ್ ಎಂಬ ತಂತ್ರಾಂಶದಲ್ಲಿ ಹಿಂಬಾಗಿಲಿಟ್ಟವನು ಅದರ ಅಧಿಕೃತ ನಿರ್ವಾಹಕನೇ. ಆ ಹಿಂಬಾಗಿಲನ್ನು ಎಬ್ಬಿಸುವ ಸಾಲು ಎಲ್ಲರೂ ನೋಡುವ ಮೂಲ ಸಂಗ್ರಹದಲ್ಲಿ ಇರಲೇ ಇಲ್ಲ, ಬಿಡುಗಡೆಯ ಕಡತದಲ್ಲಿ ಮಾತ್ರ ಇತ್ತು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ತಂತ್ರಜ್ಞ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆಮಾಡಿದರು. ಟಾರ್ ಬ್ರೌಸರಿನವರು 2013ರಿಂದಲೇ ಹಿಡಿದಿರುವ ದಾರಿ ಇಂಥದ್ದಕ್ಕೂ ಒದಗುತ್ತದೆ: ಎಲ್ಲರೂ ನೋಡುವ ಒಂದೇ ಮೂಲದಿಂದ ಬೇರೆಬೇರೆಯವರು ತಂತಮ್ಮ ಕಂಪ್ಯೂಟರಿನಲ್ಲಿ ಕಟ್ಟಿದರೂ ಬಿಟ್‌ಗೆ ಬಿಟ್ ಒಂದೇ ಕಡತ ಬರಬೇಕು. ವಡೋದರದ ಹುಡುಗಿಯೂ ಮನೆಯಲ್ಲೇ ಕಟ್ಟಿ, ತನ್ನ 64 ಅಕ್ಷರಗಳನ್ನು ಅವರದಕ್ಕೆ ತಾಳೆ ಹಾಕಬಹುದು.