ಬೆವರುವ ಮನೆ ಸೌನಾ: ಯಾವುದು ಒಳ್ಳೆಯದು?

ನಮಗೆ ಬಚ್ಚಲಮನೆ ಇದ್ದ ಹಾಗೆ ಫಿನ್‌ಲೆಂಡ್ ದೇಶದವರಿಗೆ ಸೌನಾ ಇದೆ. ಭೂಪಟದಲ್ಲಿ ಯುರೋಪಿನ ಮೇಲ್ಗಡೆ, ಸ್ವೀಡನ್ ಮತ್ತು ರಷ್ಯಾ ನಡುವೆ ಆ ದೇಶ ಸಿಗುತ್ತದೆ. ಚಳಿಗಾಲದಲ್ಲಿ ಅಲ್ಲಿಯ ಕೆರೆಗಳು ಹೆಪ್ಪುಗಟ್ಟಿ ಜನ ಅದರ ಮೇಲೇ ನಡೆದು ಹೋಗುತ್ತಾರೆ. ಜನಸಂಖ್ಯೆ ೫೫ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, ಸೌನಾಗಳು ಸುಮಾರು ೩೦ ಲಕ್ಷ! ಅಂದರೆ ಹೆಚ್ಚು ಕಡಿಮೆ ಇಬ್ಬರಿಗೆ ಒಂದು. ೨೦೨೦ರಲ್ಲಿ ಯುನೆಸ್ಕೋ ಸಂಸ್ಥೆ ಫಿನ್‌ಲೆಂಡಿನ ಸೌನಾ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೌನಾ ಎಂದರೇನು? ಮರದ ಹಲಗೆಯ ಒಂದು ಸಣ್ಣ ಕೋಣೆ. ಮೂಲೆಯಲ್ಲಿ ಒಲೆ. ಒಲೆ ಮೇಲೆ ಹಂಡೆ ಇರಲ್ಲ, ಬರೀ ಕಲ್ಲು ಇರುತ್ತವೆ. ಕಲ್ಲು ಚೆನ್ನಾಗಿ ಕಾದ ಮೇಲೆ ಸೌಟಿನಲ್ಲಿ ನೀರು ಹಾಕಿದರೆ ಚೊಂಯ್ ಅಂತ ಹಬೆ ಏಳುತ್ತದೆ. ಎತ್ತರದ ಹಲಗೆ ಮೇಲೆ ಕೂತವರಿಗೆ ಧಾರಾಕಾರ ಬೆವರು. ಆಮೇಲೆ ತಣ್ಣೀರು ಸ್ನಾನ, ಇಲ್ಲಾ ಕೆರೆಗೆ ಜಿಗಿಯುವುದು.

ಒಳಗೆ ೮೦ ರಿಂದ ೯೦ ಡಿಗ್ರಿ ಶಾಖ ಇರುತ್ತದೆ. ಅಷ್ಟು ಬಿಸಿ ನೀರು ಮೈಮೇಲೆ ಬಿದ್ದರೆ ಬೊಬ್ಬೆ ಏಳುತ್ತೆ, ಹಾಗಾದರೆ ಇವರು ಹೇಗೆ ತಡೀತಾರೆ? ಗಾಳಿ ನೀರಿನಷ್ಟು ಬೇಗ ಶಾಖವನ್ನು ಮೈಗೆ ದಾಟಿಸುವುದಿಲ್ಲ. ಜೊತೆಗೆ ಬೆವರು ಆರುವಾಗ ಮೈ ತಂಪಾಗುತ್ತದೆ. ಮರವೂ ಶಾಖವನ್ನು ಬೇಗ ದಾಟಿಸಲ್ಲ, ಅದಕ್ಕೇ ಕೂರಲು ಮರದ ಹಲಗೆ. ಕಬ್ಬಿಣದ ಮೊಳೆ ಹೊರಗೆ ಕಾಣುತ್ತಿದ್ದರೆ ಸುಟ್ಟೇ ಬಿಡುತ್ತದೆ.

ಮನೆಗೆ ಆರಿಸುವಾಗ ಮೂರು ವಿಧಗಳಿವೆ.

೧. ಹೊಗೆ ಸೌನಾ: ಇದು ಹಳೇ ಕಾಲದ್ದು. ಚಿಮಣಿ ಇರುವುದಿಲ್ಲ. ಹಲವು ಗಂಟೆ ಸೌದೆ ಉರಿಸಿ, ಬೆಂಕಿ ಪೂರ್ತಿ ಆರಿ, ಹೊಗೆ ಹೊರಗೆ ಹೋದ ಮೇಲೇ ಒಳಗೆ ಹೋಗಬೇಕು. ಹಬೆ ಬಹಳ ಹಿತ ಅಂತಾರೆ. ಆದರೆ ಬೆಂಕಿ ಹತ್ತುವ ಭಯ ಇರುವುದರಿಂದ ಮನೆಯಿಂದ ದೂರ ಕಟ್ಟಬೇಕು.

೨. ಸೌದೆ ಸೌನಾ: ಚಿಮಣಿ ಇದೆ. ತೋಟಕ್ಕೆ, ಕೆರೆ ದಂಡೆಗೆ ಇದೇ ಸರಿ. ಕರೆಂಟು ಬೇಡ. ಒಣ ಸೌದೆ ಮಾತ್ರ ಬೇಕು.

೩. ಕರೆಂಟ್ ಸೌನಾ: ಪಟ್ಟಣದ ಮನೆಗಳಿಗೆ ಇದು ಅನುಕೂಲ. ಲೆಕ್ಕ ಸುಲಭ, ಒಂದು ಘನ ಮೀಟರ್ ಜಾಗಕ್ಕೆ ಸುಮಾರು ೧ ಕಿಲೋವ್ಯಾಟ್. ಉದ್ದ, ಅಗಲ, ಎತ್ತರ ೨ ಮೀಟರ್ ಇದ್ದರೆ ೨×೨×೨ = ೮ ಘನ ಮೀಟರ್, ೮ ಕಿಲೋವ್ಯಾಟ್ ಬೇಕು. ಸಾವಿರ ವ್ಯಾಟಿನ ೮ ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದ ಹಾಗೆ! ಕೋಣೆ ದೊಡ್ಡದಾದಷ್ಟೂ ಖರ್ಚು, ಆದ್ದರಿಂದ ಮನೆಯವರು ಕೂರುವಷ್ಟೇ ಸಾಕು.

ಕಲ್ಲನ್ನೂ ನೋಡಿ ಆರಿಸಬೇಕು. ಕಾದ ಕಲ್ಲಿಗೆ ತಣ್ಣೀರು ಬಿದ್ದರೆ ಕೆಲವು ಕಲ್ಲು ಸಿಡಿಯುತ್ತವೆ. ಪೆರಿಡೊಟೈಟ್ ಎಂಬ ಗಟ್ಟಿ ಕಲ್ಲು ತಡೆಯುತ್ತದೆ.

ಎಲ್ಲಕ್ಕಿಂತ ಮುಖ್ಯ ಗಾಳಿ. ಒಲೆ ಹತ್ತಿರ ಗಾಳಿ ಒಳಗೆ ಬರಲು ಒಂದು ಕಿಂಡಿ, ಎದುರಿನ ಕಡೆ ಹೊರಗೆ ಹೋಗಲು ಒಂದು ಕಿಂಡಿ ಬೇಕು. ಕೆಂಡ ಇನ್ನೂ ಇರುವಾಗ ಚಿಮಣಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೊದಲು ತಲೆನೋವು, ತಲೆಸುತ್ತು, ಆಮೇಲೆ ಪ್ರಜ್ಞೆ ತಪ್ಪಿ ಪ್ರಾಣವೇ ಹೋಗಬಹುದು. ಬಾಗಿಲಿಗೆ ಚಿಲಕ ಇರಬಾರದು, ಹೊರಕ್ಕೆ ತಳ್ಳಿದರೆ ತೆರೆಯಬೇಕು.

ಹಟವೂ ಒಳ್ಳೆಯದಲ್ಲ. ಫಿನ್‌ಲೆಂಡಿನ ಹೈನೋಲಾದಲ್ಲಿ ಯಾರು ಹೆಚ್ಚು ಹೊತ್ತು ಕೂರುತ್ತಾರೆ ಅಂತ ಸ್ಪರ್ಧೆ ನಡೆಯುತ್ತಿತ್ತು. ೨೦೧೦ರಲ್ಲಿ ೧೧೦ ಡಿಗ್ರಿಯಲ್ಲಿ ಕೂತ ಒಬ್ಬ ಸ್ಪರ್ಧಿ ತೀರಿಕೊಂಡರು. ಅಲ್ಲಿಗೆ ಆ ಸ್ಪರ್ಧೆ ನಿಂತಿತು. ಸಾಕು ಅನಿಸಿದಾಗ ಎದ್ದು ಬರುವವನೇ ಜಾಣ.

ನಮ್ಮಲ್ಲಿ ಸೌನಾ ಇಲ್ಲ, ಇದೆಲ್ಲಾ ಯಾಕೆ ಅಂತೀರಾ? ಹಂಡೆ ಒಲೆಯ ಕೆಂಡದಲ್ಲೂ ಅದೇ ವಿಷಗಾಳಿ ಇದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ನಮ್ಮ ರಾಜ್ಯದಲ್ಲೂ ಜನ ಸತ್ತಿದ್ದಾರೆ. ಇವತ್ತು ಮನೆಗೆ ಹೋದ ಕೂಡಲೇ ಬಚ್ಚಲ ಕಿಂಡಿ ನೋಡಿ. ಚಳಿಗೆ ಅಂತ ಗೋಣಿಚೀಲ ತುರುಕಿದ್ದರೆ ಅಮ್ಮನಿಗೆ ಹೇಳಿ ತೆಗೆಸಿರಿ.

– ೭ನೇ ತರಗತಿ