ಅರಬ್ ಮಕ್ಕಳ ರಕ್ತದ ಸಕ್ಕರೆ: ಶಾಲೆ ಏನು ಮಾಡಬಲ್ಲದು?

ಸಕ್ಕರೆ ಕಾಯಿಲೆ ಎಂದರೆ ನಲವತ್ತು ದಾಟಿದವರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. ಸೌದಿ ಅರೇಬಿಯಾ, ಕುವೈತ್ ಮೊದಲಾದ ಕೊಲ್ಲಿ ರಾಷ್ಟ್ರಗಳ ವೈದ್ಯರು ಇದನ್ನು ಒಪ್ಪಲಾರರು. ಅಲ್ಲಿ ಹೈಸ್ಕೂಲು ಓದುವ ಹುಡುಗ ಹುಡುಗಿಯರಲ್ಲೂ ಎರಡನೇ ಬಗೆಯ ಮಧುಮೇಹ ಕಾಣಿಸಿಕೊಳ್ಳುತ್ತಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ಹೆಚ್ಚು.

ಹೊಸ್ತಿಲು ಎಂದರೇನು? ರಾತ್ರಿಯೆಲ್ಲ ಉಪವಾಸವಿದ್ದು ಬೆಳಿಗ್ಗೆ ಪರೀಕ್ಷಿಸಿದಾಗ ರಕ್ತದ ಗ್ಲೂಕೋಸ್ 100 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ನಡುವಿನದೇ ಹೊಸ್ತಿಲು. ಈ ಹಂತದಲ್ಲಿ ಅತಿ ಬಾಯಾರಿಕೆಯಿಲ್ಲ, ಪದೇ ಪದೇ ಮೂತ್ರಕ್ಕೆ ಹೋಗುವುದೂ ಇಲ್ಲ. ಮಗು ನೋಡಲು ಚೆನ್ನಾಗಿಯೇ ಇರುತ್ತದೆ.

ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ ಹಾರ್ಮೋನುಗಳ ಏರಿಳಿತದಿಂದ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಇದು ಎಲ್ಲ ಮಕ್ಕಳಲ್ಲೂ ಸಹಜ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಇದರ ಜೊತೆಗೆ ಹೊಟ್ಟೆಯ ಬೊಜ್ಜೂ ಸೇರಿದರೆ ಗ್ರಂಥಿ ದಣಿಯುತ್ತದೆ. ಮಾತ್ರೆ ಇದೆಯಲ್ಲ ಎನ್ನುವಿರಾ? ಮಧುಮೇಹ ಬಂದ ಹದಿಹರೆಯದವರಿಗೆ ಮೆಟ್‌ಫಾರ್ಮಿನ್ ಒಂದನ್ನೇ ಕೊಟ್ಟಾಗ ಸುಮಾರು ಅರ್ಧದಷ್ಟು ಮಂದಿಯಲ್ಲಿ ಕೆಲವೇ ವರ್ಷಗಳಲ್ಲಿ ಸಕ್ಕರೆ ಹತೋಟಿ ತಪ್ಪಿತೆಂದು 2012ರಲ್ಲಿ ಅಮೆರಿಕದ ಅಧ್ಯಯನವೊಂದು ತಿಳಿಸಿತು. ಆದ್ದರಿಂದ ಏನು ಮಾಡುವುದಿದ್ದರೂ ಹೊಸ್ತಿಲಲ್ಲೇ ಮಾಡಬೇಕು.

ಅರಬ್ ಮಕ್ಕಳ ದಿನಚರಿ ನೋಡಿ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲು. ಎಲ್ಲಿಗೆ ಹೋಗುವುದಿದ್ದರೂ ಕಾರು. ತಡರಾತ್ರಿಯವರೆಗೆ ಎಚ್ಚರ, ಬೆಳಿಗ್ಗೆ ತಿಂಡಿ ಬಿಟ್ಟು ಶಾಲೆಗೆ ಓಟ, ಹಸಿವಾದಾಗ ಬಾಟಲಿ ಪಾನೀಯ. 330 ಮಿಲಿಲೀಟರಿನ ಒಂದು ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ, ಅಂದರೆ ಏಳು ಚಮಚ ಸಕ್ಕರೆ ಇರುತ್ತದೆ. ಯಾವ ತಾಯಿಯೂ ಲೋಟ ಕಾಫಿಗೆ ಅಷ್ಟು ಹಾಕಲಾರಳು! ಸೌದಿ ಸರ್ಕಾರ 2017ರಲ್ಲಿ ಇಂಥ ಪಾನೀಯಗಳ ಮೇಲೆ ಶೇ 50ರಷ್ಟು ತೆರಿಗೆ ಹಾಕಿತು. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ವ್ಯಾಯಾಮದ ತರಗತಿ ಬಂದದ್ದೂ ಅದೇ ವರ್ಷ. ಅಲ್ಲಿಯವರೆಗೆ ಅವರಿಗೆ ಓಡಾಡಲು ಶಾಲೆಯಲ್ಲೂ ಆಸ್ಪದವಿರಲಿಲ್ಲ.

ರಿಯಾದಿನ ಕಿಂಗ್ ಸೌದ್ ವಿಶ್ವವಿದ್ಯಾಲಯದ ಸಂಶೋಧಕರು ನಗರದ ಶಾಲೆಗಳಲ್ಲೇ ಮಕ್ಕಳ ರಕ್ತ ಪರೀಕ್ಷಿಸಿ, ಆಹಾರ ಮತ್ತು ವ್ಯಾಯಾಮದ ತಿಳಿವಳಿಕೆ ಕೊಡುವ ಪ್ರಯತ್ನ ಮಾಡಿದ್ದಾರೆ. ಮಕ್ಕಳೆಲ್ಲ ಒಂದೇ ಕಡೆ ಸಿಗುವುದು ಶಾಲೆಯಲ್ಲಿ ತಾನೆ? ಆದರೆ ಪಾಠದಿಂದಷ್ಟೇ ಸಕ್ಕರೆ ಇಳಿಯದು. ತರಗತಿಯಲ್ಲಿ ಉಪದೇಶ, ಕ್ಯಾಂಟೀನಿನಲ್ಲಿ ಕರಿದ ತಿಂಡಿ ಎಂದಾದರೆ ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದಂತಾಯಿತು. ಅಮೆರಿಕದ 42 ಶಾಲೆಗಳ ಅಧ್ಯಯನವೊಂದರಲ್ಲಿ ಪಾಠ, ಕ್ಯಾಂಟೀನು, ವ್ಯಾಯಾಮ ಮೂರನ್ನೂ ಒಟ್ಟಿಗೆ ಬದಲಿಸಲಾಯಿತು. 2010ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಗ್ಲೂಕೋಸಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಆದರೆ ಬೊಜ್ಜಿನ ಮಕ್ಕಳ ಪ್ರಮಾಣವೂ ಉಪವಾಸದ ಇನ್ಸುಲಿನ್ ಮಟ್ಟವೂ ಇಳಿದವು. ಗ್ರಂಥಿಯ ಹೊರೆ ತಗ್ಗಿತು ಎಂದೇ ಇದರ ಅರ್ಥ. ಅದು ಸಣ್ಣ ಲಾಭವಲ್ಲ.

ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಕುಟುಂಬಗಳು ಕೊಲ್ಲಿಯಲ್ಲಿವೆ. ಅವರ ಮಕ್ಕಳದೂ ಬಹುಪಾಲು ಇದೇ ದಿನಚರಿ. ಮಗುವಿನ ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದೆಯೇ ನೋಡಿ. ಕೊಳೆಯೆಂದು ಉಜ್ಜಬೇಡಿ, ಹೋಗದು. ಅದು ಹೆಚ್ಚಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದರ ಗುರುತು. ತೂಕವೂ ಹೆಚ್ಚಿದ್ದು, ಮನೆಯಲ್ಲಿ ಯಾರಿಗಾದರೂ ಮಧುಮೇಹವಿದ್ದರೆ ಹತ್ತು ವರ್ಷ ತುಂಬಿದ ಮಗುವಿನ ರಕ್ತ ಪರೀಕ್ಷೆ ಮಾಡಿಸಿ.