ಟವರ್ ಹೊಸದು, ಗಟಾರ ಹಳೆಯದು: ಪುನರಾಭಿವೃದ್ಧಿಗೆ ಸಹಿ ಹಾಕುವ ಮುನ್ನ

ಮುಂಬಯಿ ಮಹಾನಗರದಲ್ಲಿ ಇಂದು ನಾಲ್ಕು ಮಂದಿ ತುಳು-ಕನ್ನಡಿಗರು ಒಂದೆಡೆ ಸೇರಿದರೆ ಊರಿನ ಮಳೆ ಬೆಳೆ, ಮಕ್ಕಳ ಮದುವೆ ಮುಂಜಿಯ ವಿಚಾರ ಮುಗಿದ ಕೂಡಲೇ ಮಾತು ಬಂದು ನಿಲ್ಲುವುದು ರೀಡೆವಲಪ್‌ಮೆಂಟ್‌ನಲ್ಲಿ. ಬಿಲ್ಡರ್ ಎಷ್ಟು ಚದರ ಅಡಿ ಹೆಚ್ಚು ಕೊಡುತ್ತಾನೆ, ಬಾಡಿಗೆ ಎಷ್ಟು, ಕಾರ್ಪಸ್ ಫಂಡ್ ಎಷ್ಟು ಎಂಬ ಪ್ರಶ್ನೆಗಳು ಎಲ್ಲರ ಬಾಯಲ್ಲೂ ಇವೆ. ಕೋಟೆ ಪ್ರದೇಶದ ಹೊಟೇಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಚಾಳಿನ ಹತ್ತಡಿ ಖೋಲಿಯಲ್ಲಿ ಸಂಸಾರ ಹೂಡಿದ ತಲೆಮಾರಿಗೆ ಸ್ವಂತದ್ದೊಂದು ವಿಶಾಲವಾದ ಮನೆ ಎಂಬುದು ಜೀವಮಾನದ ಕನಸು. ಆ ಕನಸನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ಕೇಳದೇ ಉಳಿಯುವ ಪ್ರಶ್ನೆಗಳೂ ಕೆಲವಿವೆ. ಎಂಟು ಮನೆಗಳಿದ್ದ ಜಾಗದಲ್ಲಿ ಎಂಬತ್ತು ಮನೆಗಳು ಬಂದಾಗ ನೀರು ಎಲ್ಲಿಂದ? ಕೊಳಚೆ ಎಲ್ಲಿಗೆ? ಅಗ್ನಿಶಾಮಕ ದಳದ ಗಾಡಿ ಗಲ್ಲಿಯೊಳಗೆ ತಿರುಗೀತೇ? ಈ ಪ್ರಶ್ನೆಗಳನ್ನು ಕೇಳಲು ಸರಕಾರದ ಪರಿಸರ ಇಲಾಖೆ ಇದೆಯಲ್ಲ ಎಂದು ನಾವು ಸುಮ್ಮನಿರುತ್ತೇವೆ. ಆ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಮಹಾನಗರದ ಅನುಭವದಿಂದಲೇ ನೋಡೋಣ.

ಗಿರಣ್‌ಗಾಂವ್ ಕಲಿಸಿದ ಪಾಠ

ಪರೇಲ್, ಲಾಲ್‌ಬಾಗ್, ವರ್ಲಿ, ಭಾಯ್ಖಳಾ ಪರಿಸರದ ಬಟ್ಟೆ ಗಿರಣಿಗಳು ಒಂದು ಕಾಲದಲ್ಲಿ ಮುಂಬಯಿಯ ಜೀವನಾಡಿಯಾಗಿದ್ದವು. ಮಿಲ್ ಗೇಟಿನ ಎದುರು ಚಹಾ-ತಿಂಡಿಯ ಹೊಟೇಲು ನಡೆಸಿ ಬದುಕು ಕಟ್ಟಿಕೊಂಡ ನಮ್ಮವರೂ ಬಹಳ ಮಂದಿ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತ್ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಿರಣಿಯ ಭೋಂಗಾ ನಿಂತ ಮೇಲೆ ಗೇಟಿನೆದುರಿನ ಹೊಟೇಲಿನ ಗಲ್ಲಾವೂ ಬರಿದಾಯಿತು.

ಉಳಿದದ್ದು ನಗರದ ನಟ್ಟ ನಡುವಿನ ಸುಮಾರು 600 ಎಕರೆ ಭೂಮಿ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೇ ನಿಯಮ ಇದಕ್ಕೊಂದು ನ್ಯಾಯವಾದ ದಾರಿ ತೋರಿಸಿತ್ತು. ಗಿರಣಿ ಭೂಮಿಯನ್ನು ಅಭಿವೃದ್ಧಿಪಡಿಸುವಾಗ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮೈದಾನ, ಉದ್ಯಾನಗಳಿಗಾಗಿ ಮಹಾನಗರ ಪಾಲಿಕೆಗೆ, ಒಂದು ಪಾಲು ಜನಸಾಮಾನ್ಯರ ವಸತಿಗಾಗಿ ಮ್ಹಾಡಾಕ್ಕೆ, ಉಳಿದ ಪಾಲು ಮಾಲಕರಿಗೆ ಎಂಬುದು ಅದರ ತಿರುಳು. ಇಡೀ ಪ್ರದೇಶವನ್ನು ಒಟ್ಟಾಗಿ ಯೋಜಿಸುವ ಬಗ್ಗೆ ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿ 1996ರಲ್ಲಿ ವರದಿಯನ್ನೂ ನೀಡಿತು.

2001ರಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು. ಇಡೀ ಭೂಮಿಯ ಬದಲು ಕಟ್ಟಡಗಳಿಲ್ಲದ ಖಾಲಿ ಜಾಗವನ್ನು ಮಾತ್ರ ಪಾಲು ಮಾಡಿದರೆ ಸಾಕು ಎಂದಾಯಿತು. ಗಿರಣಿಯ ಶೆಡ್ಡುಗಳೇ ಬಹುತೇಕ ಜಾಗವನ್ನು ಆಕ್ರಮಿಸಿಕೊಂಡಿದ್ದುದರಿಂದ ಸಾರ್ವಜನಿಕರ ಪಾಲು ಕರಗಿ ಹೋಯಿತು. ಬಾಂಬೆ ಎನ್ವಿರಾನ್ಮೆಂಟಲ್ ಆ್ಯಕ್ಷನ್ ಗ್ರೂಪ್ ಸಂಸ್ಥೆ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2005ರ ಅಕ್ಟೋಬರ್‌ನಲ್ಲಿ ಮುಂಬಯಿ ಹೈಕೋರ್ಟ್ ಸಂಸ್ಥೆಯ ವಾದವನ್ನು ಎತ್ತಿ ಹಿಡಿದರೂ 2006ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ತಿದ್ದುಪಡಿಯನ್ನು ಮಾನ್ಯ ಮಾಡಿತು. ಗಿರಣಿಯ ಚಿಮಣಿಗಳು ಇದ್ದಲ್ಲಿ ಮಾಲ್‌ಗಳೂ ಗಾಜಿನ ಗೋಪುರಗಳೂ ಎದ್ದವು. 2012ರಲ್ಲಿ ಗಿರಣಿ ಕಾರ್ಮಿಕರಿಗಾಗಿ ನಡೆದ ಮೊದಲ ದೊಡ್ಡ ಲಾಟರಿಯಲ್ಲಿದ್ದ ಮನೆಗಳು ಸುಮಾರು 7 ಸಾವಿರ. ಅರ್ಜಿ ಹಾಕಿದ್ದವರು ಒಂದೂವರೆ ಲಕ್ಷದಷ್ಟು ಮಂದಿ!

ಕಚೇರಿಗಳು ಬಂದವು, ಉದ್ಯೋಗಿಗಳು ಬಂದರು. ಆದರೆ ರೈಲು ನಿಲ್ದಾಣದ ಪಾದಚಾರಿ ಸೇತುವೆ ಹಳೆಯದೇ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಅಂದಿನ ಎಲ್ಫಿನ್‌ಸ್ಟನ್ ರೋಡ್, ಇಂದಿನ ಪ್ರಭಾದೇವಿ ನಿಲ್ದಾಣದ ಸೇತುವೆಯಲ್ಲಿ ಮಳೆ ಮತ್ತು ಜನಜಂಗುಳಿಯಿಂದಾದ ಕಾಲ್ತುಳಿತಕ್ಕೆ 20ಕ್ಕೂ ಹೆಚ್ಚು ಮಂದಿ ಬಲಿಯಾದರು. ಅದೇ ವರ್ಷ ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಆವರಣದ ಮಾಳಿಗೆ ರೆಸ್ಟೋರೆಂಟ್‌ಗಳಲ್ಲಿ ಬೆಂಕಿ ಎದ್ದು 14 ಮಂದಿ ಸಾವಿಗೀಡಾದರು. ಒಂದೊಂದು ಪ್ಲಾಟಿನ ನಕ್ಷೆ ಒಂದೊಂದಾಗಿ ಮಂಜೂರಾದರೂ ಇಡೀ ಪ್ರದೇಶದ ಲೆಕ್ಕವನ್ನು ಯಾರೂ ಒಟ್ಟಿಗೆ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಿರಣ್‌ಗಾಂವ್‌ಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪರಿಸರ ಅನುಮತಿ ಎಂದರೇನು?

2004ರ ಜುಲೈ ತನಕ ಕಟ್ಟಡ ನಿರ್ಮಾಣಕ್ಕೆ ಕೇಂದ್ರದ ಪರಿಸರ ಅನುಮತಿ ಬೇಕಿರಲಿಲ್ಲ. ಆ ವರ್ಷ ದೊಡ್ಡ ನಿರ್ಮಾಣ ಯೋಜನೆಗಳನ್ನು ನಿಯಮದೊಳಗೆ ತರಲಾಯಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಈಗಿನ ವ್ಯವಸ್ಥೆಗೆ ಅಡಿಪಾಯ ಹಾಕಿತು. ಇದರ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ನಿರ್ಮಾಣ ಇರುವ ಯೋಜನೆ ಕೆಲಸ ಆರಂಭಿಸುವ ಮುನ್ನವೇ ಅನುಮತಿ ಪಡೆಯಬೇಕು. ಎಫ್‌ಎಸ್‌ಐ ಲೆಕ್ಕಕ್ಕೆ ಬಾರದ ನೆಲಮಾಳಿಗೆ, ಪಾರ್ಕಿಂಗ್ ಮುಂತಾದವೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ನಿರ್ಮಾಣ 1,50,000 ಚದರ ಮೀಟರ್ ಮುಟ್ಟಿದರೆ, ಅಥವಾ ಟೌನ್‌ಶಿಪ್ 50 ಹೆಕ್ಟೇರ್ ಮುಟ್ಟಿದರೆ ಪರಿಶೀಲನೆ ಇನ್ನಷ್ಟು ಕಠಿಣ. ಶಾಲೆ, ಕಾಲೇಜು ಕಟ್ಟಡಗಳಿಗೆ ಕೊಡಲಾಗಿದ್ದ ವಿನಾಯಿತಿಯನ್ನು 2025ರ ಆಗಸ್ಟ್ 5ರಂದು ಸುಪ್ರೀಂ ಕೋರ್ಟ್ ರದ್ದುಗೊಳಿಸಿದೆ. ವಿದ್ಯಾಸಂಸ್ಥೆಗಳನ್ನು ನಡೆಸುತ್ತಿರುವ ನಮ್ಮ ಸಂಘಗಳು ಇದನ್ನು ಗಮನದಲ್ಲಿಡಬೇಕು.

ನೀರಿನ ಬೇಡಿಕೆ, ಕೊಳಚೆ ಶುದ್ಧೀಕರಣ, ಕಸ ವಿಲೇವಾರಿ, ಮರಗಳು, ವಾಹನ ಸಂಚಾರ, ಮಳೆನೀರು ಹರಿವು ಇವೆಲ್ಲವನ್ನೂ ಸಮಿತಿ ನೋಡುತ್ತದೆ. ಆದರೆ ಬಹಳ ಮಂದಿಗೆ ತಿಳಿಯದ ಸಂಗತಿ ಒಂದಿದೆ. ಗಣಿ, ಕಾರ್ಖಾನೆಗಳ ಯೋಜನೆಗೆ ನಡೆಯುವಂತಹ ಸಾರ್ವಜನಿಕ ಅಹವಾಲು ಸಭೆ ಕಟ್ಟಡ ಯೋಜನೆಗಳಿಗೆ ಇಲ್ಲ. 2006ರ ಅಧಿಸೂಚನೆಯೇ ಅವುಗಳಿಗೆ ವಿನಾಯಿತಿ ಕೊಟ್ಟಿದೆ. ಅಂದರೆ ಅಲ್ಲೇ ಬಾಳಬೇಕಾದ ನಿವಾಸಿಯನ್ನು ಕರೆದು ಕೇಳಬೇಕೆಂಬ ನಿಯಮ ಇಲ್ಲಿಲ್ಲ. ಇನ್ನು 20,000 ಚದರ ಮೀಟರ್ ತಲುಪದ ಸಣ್ಣ ಸೊಸೈಟಿಗಳಿಗೆ ಈ ಪರಿಶೀಲನೆಯೇ ಅನ್ವಯಿಸದು. ಒಂದೇ ಗಲ್ಲಿಯಲ್ಲಿ ಹತ್ತು ಸೊಸೈಟಿಗಳು ಬೇರೆ ಬೇರೆಯಾಗಿ ಎದ್ದರೆ ಹತ್ತರ ಒಟ್ಟು ಭಾರ ಬೀಳುವುದು ಅದೇ ಹಳೆಯ ಗಟಾರದ ಮೇಲೆ.

ಮುಂಬಯಿಯ ಮಳೆನೀರು ಚರಂಡಿಗಳ ಕಥೆ ಗೊತ್ತಿರುವುದೇ. ಗಂಟೆಗೆ ಸುಮಾರು 25 ಮಿ.ಮೀ. ಮಳೆ ತಾಳಿಕೊಳ್ಳುವ ಹಳೆಯ ಜಾಲವನ್ನು 50 ಮಿ.ಮೀ.ಗೆ ಏರಿಸಬೇಕೆಂದು ಬ್ರಿಮ್‌ಸ್ಟೋವಾಡ್ ವರದಿ 1993ರಲ್ಲೇ ಹೇಳಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಮಹಾನಗರ ಪಟ್ಟ ಪಾಡನ್ನು ಮರೆತವರಿಲ್ಲ.

ತಡವಾದರೂ ಅಪಾಯವೇ

ಹಾಗೆಂದು ಪರಿಸರದ ಹೆಸರಿನಲ್ಲಿ ಹಳೆಯ ಕಟ್ಟಡಗಳನ್ನು ಹಾಗೆಯೇ ಬಿಡಬೇಕೆಂದಲ್ಲ. ದಕ್ಷಿಣ ಮತ್ತು ಮಧ್ಯ ಮುಂಬಯಿಯಲ್ಲಿ ಮ್ಹಾಡಾದ ದುರಸ್ತಿ ಮಂಡಳಿಯ ವ್ಯಾಪ್ತಿಗೆ ಬರುವ ಸೆಸ್ ಕಟ್ಟಡಗಳು ಇನ್ನೂ ಸಾವಿರಾರು ಸಂಖ್ಯೆಯಲ್ಲಿವೆ. 2017ರ ಆಗಸ್ಟ್ 31ರಂದು ಭೇಂಡಿ ಬಜಾರ್‌ನ ಹುಸೈನಿ ಕಟ್ಟಡ ಕುಸಿದು 30ಕ್ಕೂ ಹೆಚ್ಚು ಮಂದಿ ಮಡಿದರು. 2019ರ ಜುಲೈ 16ರಂದು ಡೋಂಗ್ರಿಯ ಕೇಸರ್‌ಬಾಯಿ ಕಟ್ಟಡ ಕುಸಿದು 13 ಮಂದಿ ಪ್ರಾಣ ಕಳಕೊಂಡರು. ಕುಸಿಯುವ ಗೋಡೆಯ ಕೆಳಗೆ ಮಲಗಿದವನಿಗೆ ಕಾಯುವ ಪ್ರತಿ ಮಳೆಗಾಲವೂ ಗಂಡಾಂತರವೇ.

ಹುಸೈನಿ ಕಟ್ಟಡ ನಿಂತಿದ್ದ ಭೇಂಡಿ ಬಜಾರ್‌ನಲ್ಲೇ ಒಂದು ಬೇರೆ ಪ್ರಯೋಗ ನಡೆದಿದೆ. 2009ರಲ್ಲಿ ಸ್ಥಾಪನೆಯಾದ ಸೈಫೀ ಬುರ್‌ಹಾನಿ ಅಪ್‌ಲಿಫ್ಟ್‌ಮೆಂಟ್ ಟ್ರಸ್ಟ್ ಸುಮಾರು 16.5 ಎಕರೆಯ 250ರಷ್ಟು ಕಟ್ಟಡಗಳನ್ನು ಒಟ್ಟಾಗಿ ಕೈಗೆತ್ತಿಕೊಂಡಿತು. ಸುಮಾರು 3,200 ಕುಟುಂಬಗಳು, 1,250 ಅಂಗಡಿಗಳು ಇದರಲ್ಲಿ ಸೇರಿವೆ. ಕ್ಲಸ್ಟರ್ ಎಂದು ಕರೆಯಲಾಗುವ ಈ ಪದ್ಧತಿಗೆ ನಿಯಮ 33(9) ಅವಕಾಶ ಕೊಡುತ್ತದೆ. ಒಟ್ಟಾಗಿ ಯೋಜಿಸಿದಾಗ ರಸ್ತೆ ಅಗಲವಾಗುತ್ತದೆ, ಚರಂಡಿ ಹೊಸದಾಗುತ್ತದೆ, ಕೊಳಚೆ ನೀರಿನ ಮರುಬಳಕೆಗೆ ದಾರಿಯಾಗುತ್ತದೆ. ಆದರೆ ಎಲ್ಲರನ್ನೂ ಒಪ್ಪಿಸಿ ಮುಗಿಸುವಾಗ ವರ್ಷಗಳೇ ಉರುಳುತ್ತವೆ ಎಂಬುದನ್ನೂ ಅದೇ ಭೇಂಡಿ ಬಜಾರ್ ತೋರಿಸಿದೆ.

ಬ್ರಿಟಿಷರ ಕಾಲದಲ್ಲಿ, 1920ರ ದಶಕದಲ್ಲಿ ಎದ್ದ ಬಿಡಿಡಿ ಚಾಳ್‌ಗಳದ್ದೂ ಇಂತಹದೇ ಕಥೆ. ವರ್ಲಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗಗಳ ಚಾಳ್‌ಗಳ ಪುನರಾಭಿವೃದ್ಧಿಗೆ 2017ರಲ್ಲಿ ಭೂಮಿಪೂಜೆ ನಡೆದರೂ ವರ್ಲಿಯಲ್ಲಿ ಮೊದಲ 556 ಮನೆಗಳ ಕೀಲಿಕೈ ಹಸ್ತಾಂತರವಾದದ್ದು 2025ರ ಆಗಸ್ಟ್ 14ರಂದು. 160 ಚದರ ಅಡಿಯ ಖೋಲಿಯಲ್ಲಿದ್ದವರಿಗೆ 500 ಚದರ ಅಡಿಯ ಮನೆ ಸಿಕ್ಕಿದೆ ಎಂಬುದು ಸಂತಸದ ವಿಚಾರವೇ.

ಮಹಾಸಭೆಯಲ್ಲಿ ಕೇಳಬೇಕಾದದ್ದು

ಸರಕಾರದ ಅಹವಾಲು ಸಭೆ ಇಲ್ಲದ ಮೇಲೆ ನಮ್ಮ ಪಾಲಿಗೆ ಉಳಿದಿರುವ ಏಕೈಕ ಅಹವಾಲು ಸಭೆ ಎಂದರೆ ಸೊಸೈಟಿಯ ಮಹಾಸಭೆ. 2019ರ ಜುಲೈ 4ರ ಸರಕಾರಿ ಮಾರ್ಗಸೂಚಿಯಂತೆ ಸಹಕಾರಿ ಸೊಸೈಟಿಯ ಪುನರಾಭಿವೃದ್ಧಿಗೆ ಶೇ. 51 ಸದಸ್ಯರ ಒಪ್ಪಿಗೆ ಸಾಕು. ಹಾಗಾಗಿ ಸಭೆಗೆ ಹೋಗದೆ ಮನೆಯಲ್ಲಿ ಕುಳಿತವರ ಪರವಾಗಿ ಬೇರೆಯವರು ನಿರ್ಧರಿಸುತ್ತಾರೆ.

ಮೊದಲಾಗಿ, ಒಟ್ಟು ನಿರ್ಮಾಣ ಎಷ್ಟು ಚದರ ಮೀಟರ್, ಪರಿಸರ ಅನುಮತಿ ಬೇಕೇ ಎಂಬುದನ್ನು ಲಿಖಿತವಾಗಿ ಕೇಳಬೇಕು. ಅನುಮತಿ ಕೈಸೇರುವ ಮುನ್ನ ಮನೆ ಖಾಲಿ ಮಾಡುವ ಅವಸರ ಸಲ್ಲದು. ಮನೆ ಒಡೆದ ಮೇಲೆ ಯೋಜನೆ ನಿಂತರೆ ಬಾಡಿಗೆ ಮನೆಯಲ್ಲಿ ಒದ್ದಾಡುವವರು ನಾವೇ. ಸಾಧ್ಯವಿದ್ದಲ್ಲಿ ಪಕ್ಕದ ಸೊಸೈಟಿಗಳೊಂದಿಗೆ ಸೇರಿ ಯೋಜಿಸಿದರೆ ರಸ್ತೆಗೂ ಅಂಗಳಕ್ಕೂ ಜಾಗ ಸಿಗುತ್ತದೆ.

ಎರಡನೆಯದಾಗಿ ಖರ್ಚಿನ ಮಾತು. ಕೊಳಚೆ ಶುದ್ಧೀಕರಣ ಘಟಕ, ಲಿಫ್ಟ್, ಪಂಪ್, ಯಾಂತ್ರಿಕ ಪಾರ್ಕಿಂಗ್, ಅಗ್ನಿಶಾಮಕ ವ್ಯವಸ್ಥೆ ಇವೆಲ್ಲ ಅಗತ್ಯವೇ. ಆದರೆ ಅವನ್ನು ನಡೆಸುವ ಖರ್ಚು ತಿಂಗಳ ಮೈಂಟೆನೆನ್ಸ್ ಬಿಲ್ಲಿಗೆ ಬರುತ್ತದೆ. ಪಿಂಚಣಿ ನೆಚ್ಚಿಕೊಂಡ ಹಿರಿಯರಿಗೆ ಅದು ಭಾರವಾದರೆ ಹೊಸ ಮನೆಯನ್ನು ಮಾರಿ ನಗರದ ಹೊರವಲಯಕ್ಕೆ ಹೋಗಬೇಕಾದೀತು. ಸಂಘದ ಸಭೆಗಳಿಗೂ ಭಜನೆಗೂ ಬರುವ ದಾರಿ ಅಷ್ಟಕ್ಕೇ ಮುಚ್ಚಿಹೋಗುತ್ತದೆ. ಆದ್ದರಿಂದ ಕಾರ್ಪಸ್ ಫಂಡ್ ನಿರ್ಧರಿಸುವಾಗ ಈ ಲೆಕ್ಕವೂ ಇರಲಿ.

ಮೂರನೆಯದಾಗಿ, ಕೆಲಸ ನಡೆಯುವಾಗಿನ ಧೂಳು. 2023ರ ಅಕ್ಟೋಬರ್‌ನಲ್ಲಿ ಪಾಲಿಕೆ ಹೊರಡಿಸಿದ ಮಾರ್ಗಸೂಚಿಯಲ್ಲಿ ದೊಡ್ಡ ಯೋಜನೆಗಳ ಸುತ್ತ 35 ಅಡಿ, ಸಣ್ಣ ಜಾಗಗಳಲ್ಲಿ 25 ಅಡಿ ಎತ್ತರದ ತಗಡಿನ ಬೇಲಿ, ಹಸುರು ಬಟ್ಟೆಯ ಹೊದಿಕೆ, ನೀರು ಚಿಮುಕಿಸುವಿಕೆ ಕಡ್ಡಾಯವೆಂದು ಹೇಳಲಾಗಿದೆ. ಮರ ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕು.

ಪರಿಸರ ಅನುಮತಿ ಸಿಕ್ಕಿದ ಸುದ್ದಿಯನ್ನು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಆರು ತಿಂಗಳಿಗೊಮ್ಮೆ ಬಿಲ್ಡರ್ ಸಲ್ಲಿಸಬೇಕಾದ ಷರತ್ತು ಪಾಲನೆಯ ವರದಿ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ಅನುಮತಿಯನ್ನು ಪ್ರಶ್ನಿಸುವುದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಲು ಸಾಮಾನ್ಯವಾಗಿ 30 ದಿನಗಳ ಕಾಲಾವಕಾಶ. ಪಶ್ಚಿಮ ವಲಯದ ಪೀಠ ಪುಣೆಯಲ್ಲಿದೆ.

ನಮ್ಮ ಸಂಘ-ಸಂಸ್ಥೆಗಳಲ್ಲಿ ವಕೀಲರಿದ್ದಾರೆ, ಎಂಜಿನಿಯರರಿದ್ದಾರೆ, ಲೆಕ್ಕ ಪರಿಶೋಧಕರಿದ್ದಾರೆ. ವಾರ್ಷಿಕೋತ್ಸವ, ಯಕ್ಷಗಾನ, ವಿದ್ಯಾರ್ಥಿವೇತನ ವಿತರಣೆಯ ಜತೆಗೆ ತಿಂಗಳಿಗೊಂದು ಭಾನುವಾರ ಇಂತಹ ಕಾಗದಪತ್ರಗಳನ್ನು ಓದಿ ಹೇಳುವ ಶಿಬಿರ ನಡೆಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಕರಾರು ಪತ್ರ ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ಓದದೆ ಸಹಿ ಹಾಕುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಪಕ್ಕದಲ್ಲಿ ಕುಳಿತು ಪ್ರತಿ ಪುಟವನ್ನೂ ಕನ್ನಡದಲ್ಲಿ ವಿವರಿಸುವವರು ಮುಂದೆ ಬರಲಿ.